ಕೆಲಸದ ಪಟ್ಟಿ ಉದ್ದ, ತೆರಿಗೆಯ ಪಟ್ಟಿಯೇ ಇಲ್ಲ

ಯಾವ ತೆರಿಗೆ ಕೇಂದ್ರದ್ದು, ಯಾವುದು ರಾಜ್ಯದ್ದು ಎಂಬುದು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಬರೆದಿದೆ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಇನ್ನೆರಡು ಅನುಸೂಚಿಗಳನ್ನು ಸೇರಿಸಿದವು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳು ಒಂದರಲ್ಲಿ, ನಗರ ಸಂಸ್ಥೆಗಳ 18 ವಿಷಯಗಳು ಇನ್ನೊಂದರಲ್ಲಿ. ಕುಡಿಯುವ ನೀರು, ರಸ್ತೆ, ಆರೋಗ್ಯ, ನೈರ್ಮಲ್ಯ ಎಲ್ಲವೂ ಅಲ್ಲಿವೆ. ಇವೆಲ್ಲ ಕೆಲಸದ ಪಟ್ಟಿಗಳು. ಈ ಮೂರನೆಯ ಸರ್ಕಾರಕ್ಕೆ ತನ್ನದು ಎನ್ನುವ ತೆರಿಗೆಪಟ್ಟಿ ಮಾತ್ರ ಸಿಗಲಿಲ್ಲ; ಅದು ಏನನ್ನು ವಸೂಲಿ ಮಾಡಬಹುದು ಎಂಬುದನ್ನು ರಾಜ್ಯದ ಶಾಸಕಾಂಗವೇ ಹೇಳಬೇಕು. ಸ್ಥಳೀಯ ಸಂಸ್ಥೆಗಳ ಲೆಕ್ಕಪರಿಶೋಧನೆ ಮಾಡುವ ನನ್ನಂಥವರು ಬರೆಯುವ ಆಕ್ಷೇಪಣೆಗಳಲ್ಲಿ ಬಹಳಷ್ಟರ ಬೇರು ಇಲ್ಲಿದೆ.

ರಾಜ್ಯದ ಖಜಾನೆಯ ಕಥೆ ಪತ್ರಿಕೆ ಓದುವವರಿಗೆ ಗೊತ್ತೇ ಇದೆ. ಜಿಎಸ್‌ಟಿಯ ಪಾಲು ಸೇರಿದ ವಾಣಿಜ್ಯ ತೆರಿಗೆ, ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ಮೋಟಾರು ವಾಹನ ತೆರಿಗೆ ಇವು ಸ್ವಂತ ತೆರಿಗೆಯ ಮುಖ್ಯ ಮೂಲಗಳು. ಕೇಂದ್ರದ ತೆರಿಗೆಯಲ್ಲಿ ಬರುವ ಪಾಲು ಬೇರೆ. ಕೇಂದ್ರ ಮತ್ತು ರಾಜ್ಯಗಳ ನಡುವೆ ತೆರಿಗೆ ಹೇಗೆ ಹಂಚಬೇಕೆಂದು ಹೇಳುವ 15ನೆಯ ಹಣಕಾಸು ಆಯೋಗ ಹಂಚಿಕೆಯ ತೆರಿಗೆಯಲ್ಲಿ ಶೇ 41ರಷ್ಟನ್ನು ರಾಜ್ಯಗಳಿಗೆ ಕೊಟ್ಟಿತು. ಅದರೊಳಗೆ ಕರ್ನಾಟಕದ ಪಾಲು, ಹಿಂದಿನ ಆಯೋಗ ಕೊಟ್ಟಿದ್ದ ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್ಚಾರ್ಜ್ ಹಂಚಿಕೆಗೇ ಬರುವುದಿಲ್ಲ. ಇದು ಅನ್ಯಾಯ ಎಂದು ವಿಧಾನಸೌಧ ದೆಹಲಿಯನ್ನು ದೂರುತ್ತದೆ. ದೂರಿನಲ್ಲಿ ಹುರುಳಿದೆ.

ಅದೇ ದೂರನ್ನು ಒಬ್ಬ ಗ್ರಾಮ ಪಂಚಾಯಿತಿ ಅಧ್ಯಕ್ಷೆ ವಿಧಾನಸೌಧದ ಮುಂದೆ ನಿಂತು ಹೇಳಿದರೆ ಏನು ಉತ್ತರ? ವೃತ್ತಿ ತೆರಿಗೆಯನ್ನೇ ನೋಡಿ. ಸಂವಿಧಾನದ 276ನೆಯ ವಿಧಿ ಅದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಕೇರಳದಲ್ಲಿ, ತಮಿಳುನಾಡಿನಲ್ಲಿ ಅದನ್ನು ಸ್ಥಳೀಯ ಸಂಸ್ಥೆಗಳೇ ವಸೂಲಿ ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಅದು ರಾಜ್ಯದ ಖಜಾನೆಗೆ ಹೋಗುತ್ತದೆ.

ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ನಮ್ಮ ಪಂಚಾಯಿತಿಗಳ ಮೂರು ಹಂತಗಳಲ್ಲಿ ಜಿಲ್ಲಾ ಪಂಚಾಯಿತಿಯ ಹೆಸರು ದೊಡ್ಡದು, ಕೈಗೆ ಬರುವ ಮೊತ್ತವೂ ದೊಡ್ಡದು. ಆದರೆ ಅದಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ. ಹಣವೆಲ್ಲ ರಾಜ್ಯ ಬಜೆಟ್ಟಿನ ಜೊತೆ ಬರುವ ಲಿಂಕ್ ಪುಸ್ತಕದಲ್ಲಿ ಲೆಕ್ಕಶೀರ್ಷಿಕೆವಾರು, ಅಂದರೆ ಯಾವ ಬಾಬತ್ತಿಗೆ ಎಷ್ಟು ಎಂದು, ಮೊದಲೇ ನಿಗದಿಯಾಗಿರುತ್ತದೆ, ಅದರಲ್ಲಿ ಹೆಚ್ಚಿನದು ಸಂಬಳವೇ. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಅವು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆದವು. ಬಿಲ್ಲುಗಳು ನಿಲ್ಲಲಿಲ್ಲ. ಮೊದಲೂ ಅಲ್ಲಿ ತೀರ್ಮಾನಿಸುವುದಕ್ಕೆ ಎಷ್ಟು ಉಳಿದಿತ್ತು ಎಂಬುದನ್ನು ಇದರಿಂದಲೇ ಊಹಿಸಬಹುದು.

ರಾಜ್ಯದ ವರಮಾನದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಎಷ್ಟು ಕೊಡಬೇಕೆಂದು ಹೇಳಲು ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವಿರಬೇಕು, ಅದು 243ಐ ವಿಧಿಯ ಆದೇಶ. ನಮ್ಮ ಐದನೆಯ ಆಯೋಗ ರಚನೆಯಾದದ್ದು 2023ರಲ್ಲಿ. ಆಯೋಗದ ಶಿಫಾರಸು ಶಿಫಾರಸು ಮಾತ್ರ. ಏನು ಕ್ರಮ ಕೈಗೊಂಡೆವು ಎಂಬ ವಿವರಣೆಯನ್ನು ಸದನದಲ್ಲಿ ಮಂಡಿಸಿದರೆ ಸರ್ಕಾರದ ಸಾಂವಿಧಾನಿಕ ಹೊಣೆ ಮುಗಿಯಿತು.

ಗ್ರಾಮ ಪಂಚಾಯಿತಿಗೆ ಕೇಂದ್ರದ ಹಣಕಾಸು ಆಯೋಗದ ಅನುದಾನ ದೊಡ್ಡ ಆಸರೆ. 2021ರಿಂದ 2026ರವರೆಗಿನ ಅವಧಿಗೆ 15ನೆಯ ಆಯೋಗ ದೇಶದ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ನಿಗದಿ ಮಾಡಿತು. ಅದರ ಶೇ 60 ನಿರ್ಬಂಧಿತವಾಗಿತ್ತು: ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ. ಉಳಿದ ಶೇ 40 ಮುಕ್ತ ಎಂದು ಹೆಸರು, ಆದರೆ ಸಂಬಳಕ್ಕೂ ಕಚೇರಿ ವೆಚ್ಚಕ್ಕೂ ಮುಟ್ಟುವಂತಿರಲಿಲ್ಲ. ಪರಿಣಾಮ ಹೀಗಿರುತ್ತದೆ: ನೀರಿನ ಟ್ಯಾಂಕು ಕಟ್ಟಲು ದುಡ್ಡಿದೆ, ಅದರ ಗೇಟ್‌ವಾಲ್ವ್ ತಿರುಗಿಸುವ ನೀರುಗಂಟಿಯ ಸಂಬಳ ಅದರಲ್ಲಿ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ರಸ್ತೆಯ ಮೋರಿ ಕೊಚ್ಚಿಹೋದರೆ, ನಿರ್ಬಂಧಿತ ಖಾತೆಯಲ್ಲಿ ಲಕ್ಷಗಟ್ಟಲೆ ಇದ್ದರೂ ಕಾರ್ಯದರ್ಶಿ ಅತ್ತ ಕೈಹಾಕಲಾರ. ಕೈಹಾಕಿದರೆ ಆಕ್ಷೇಪಣೆ ಬರೆಯುವವನು ನಾನೇ. ಒಂದು ಉದ್ದೇಶದ ಹಣ ಇನ್ನೊಂದಕ್ಕೆ ತಿರುಗಿದ ಪ್ರಕರಣಗಳಲ್ಲಿ ಕಳ್ಳತನಕ್ಕಿಂತ ಇಂಥ ಇಕ್ಕಟ್ಟೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ, ಆದರೂ ನಿಯಮ ನಿಯಮವೇ.

ಹೀಗಾಗಿ ಪಂಚಾಯಿತಿ ತನ್ನ ಮನಸ್ಸಿನಂತೆ ಖರ್ಚು ಮಾಡಬಹುದಾದದ್ದು ಸ್ವಂತ ವರಮಾನವೊಂದನ್ನೇ, ಅಂದರೆ ಮನೆ ಮತ್ತು ನಿವೇಶನದ ತೆರಿಗೆ, ನೀರಿನ ದರ, ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಹರಾಜು. ಅದರಲ್ಲೂ ರಸೀದಿಯ ಮೇಲಿನ ಮೊತ್ತವೆಲ್ಲ ಅದರದಲ್ಲ. ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ, ಭಿಕ್ಷುಕರ ಪುನರ್ವಸತಿಗೆಂದು ಶೇ 3 ಭಿಕ್ಷುಕರ ಕರ ವಸೂಲಾಗುತ್ತವೆ. ಅವನ್ನು ಸಂಬಂಧಪಟ್ಟವರಿಗೆ ಕಟ್ಟಬೇಕು. ಕಟ್ಟದೆ ಉಳಿಸಿಕೊಂಡ ಪಂಚಾಯಿತಿಗಳ ಹೆಸರು ವರ್ಷ ವರ್ಷವೂ ವರದಿಗೆ ಬರುತ್ತದೆ. ಬೀದಿದೀಪ ಮತ್ತು ಕೊಳವೆಬಾವಿಯ ವಿದ್ಯುತ್ ಬಾಕಿಯದು ಇನ್ನೊಂದು ರಾಮಾಯಣ.

ಹಿರಿಯ ಅಧಿಕಾರಿಗಳು ಸಭೆಯಲ್ಲಿ ಕೇಳುವುದು ವಸೂಲಿ ಶೇಕಡಾ ಎಷ್ಟು ಎಂದು. ನನಗೆ ಆ ಅಂಕಿಯ ಮೇಲೆ ನಂಬಿಕೆ ಕಡಿಮೆ. ಬೇಡಿಕೆ (ಅಂದರೆ ಬರಬೇಕಾದ ತೆರಿಗೆ), ವಸೂಲಿ, ಬಾಕಿ ತೋರಿಸುವ ಡಿಸಿಬಿ ವಹಿಯಲ್ಲಿ ಎಲ್ಲರ ಕಣ್ಣು ಎರಡನೆಯ ಕಲಮಿನ ಮೇಲೆ; ಮೋಸ ಇರುವುದು ಮೊದಲನೆಯದರಲ್ಲಿ. ಊರಿನಲ್ಲಿ ಸಾವಿರ ಕಟ್ಟಡಗಳಿದ್ದು ಆರುನೂರನ್ನು ಮಾತ್ರ ಬೇಡಿಕೆಗೆ ತಂದರೆ, ಅಷ್ಟರಲ್ಲಿ ಐನೂರನಲವತ್ತು ಮನೆಯವರು ಕಟ್ಟಿದ ಕೂಡಲೇ ಶೇ 90 ಸಾಧನೆ, ಸನ್ಮಾನ. ಹೆಂಚಿನ ಮನೆ ಹೋಗಿ ಮೂರಂತಸ್ತು ಎದ್ದಿದ್ದರೂ ವಹಿಯಲ್ಲಿ ಅದು ಇನ್ನೂ ಹೆಂಚಿನ ಮನೆ. ಕರ ವಸೂಲಿಗಾರನನ್ನು ಬೈದು ಪ್ರಯೋಜನವಿಲ್ಲ. ತೆರಿಗೆ ಪರಿಷ್ಕರಣೆಗೆ ಸಭೆಯ ನಡಾವಳಿ ಬೇಕು, ನಡಾವಳಿಗೆ ಸದಸ್ಯರು ಕೈ ಎತ್ತಬೇಕು. ಸುಮಾರು ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಅವನಿಗೆ ತನ್ನ ಮತದಾರರ ಮನೆಯ ಅಳತೆ ಬಾಯಿಪಾಠ, ಅದಕ್ಕೇ ಅವನ ಕೈ ಏಳುವುದಿಲ್ಲ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ವಹಿಗಳನ್ನು ಅಂದು ಸಾರ್ವಜನಿಕರ ಮುಂದೆ ತೆರೆದಿಡಬೇಕು. ಬಂದವರೆಲ್ಲ ಕಾಮಗಾರಿಯ ಕಡತ ಕೇಳುತ್ತಾರೆ, ಕೇಳಲಿ. ಜೊತೆಗೆ ತೆರಿಗೆ ಬೇಡಿಕೆಯ ವಹಿಯನ್ನೂ ತರಿಸಿಕೊಳ್ಳಿ. ಹುಡುಕಬೇಕಾದದ್ದು ನಿಮ್ಮ ಮನೆಯ ಸಾಲನ್ನಲ್ಲ. ಕಲ್ಯಾಣಮಂಟಪ, ಮೊಬೈಲ್ ಟವರು, ಹೆದ್ದಾರಿ ಬದಿಯ ಗೋದಾಮು, ಹೊಸ ಬಡಾವಣೆ ಇವು ವಹಿಯಲ್ಲಿ ಇವೆಯೇ, ಇದ್ದರೆ ಯಾವ ವರ್ಷದ ದರದಲ್ಲಿ ಇವೆ ಎಂದು ನೋಡಿ.