72ರ ಅಜ್ಜನಿಗೂ 7ರ ಹುಡುಗಿಗೂ ಒಂದೇ ಚುಚ್ಚುಮದ್ದು

ತೀರ್ಥಹಳ್ಳಿ ಕಡೆಯ 7 ವರ್ಷದ ಹುಡುಗಿಯೊಬ್ಬಳಿಗೆ ಲ್ಯೂಪ್ರೊಲೈಡ್ ಚುಚ್ಚುಮದ್ದು ಬರೆದುಕೊಟ್ಟ ದಿನ, ಅವಳ ತಂದೆ ಶಿವಮೊಗ್ಗದ ಔಷಧಿ ಅಂಗಡಿಯಿಂದ ಬರಿಗೈಯಲ್ಲಿ ವಾಪಸು ಬಂದರು. ಇದು ವಯಸ್ಸಾದ ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಔಷಧ, ಡಾಕ್ಟರು ಕೈತಪ್ಪಿ ಬರೆದಿರಬೇಕು, ಕೇಳಿಕೊಂಡು ಬನ್ನಿ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಅವರ ಎಚ್ಚರಿಕೆ ಮೆಚ್ಚತಕ್ಕದ್ದೇ, ಆದರೆ ಚೀಟಿಯಲ್ಲಿ ತಪ್ಪಿರಲಿಲ್ಲ. ಮಧುಮೇಹಕ್ಕೆಂದು ನನ್ನಲ್ಲಿಗೆ ಬರುವ ಹೊಸನಗರದ 72 ವರ್ಷದ ಅಡಿಕೆ ಬೆಳೆಗಾರರೊಬ್ಬರಿಗೆ ಅದೇ ತಿಂಗಳು ಅದೇ ಔಷಧವನ್ನು ಕ್ಯಾನ್ಸರಿಗಾಗಿ ಶುರು ಮಾಡಲಾಗಿತ್ತು.

ಲ್ಯೂಪ್ರೊಲೈಡ್ ಒಂದು ಪೆಪ್ಟೈಡ್. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸಣ್ಣ ಸರ. ಇನ್ಸುಲಿನ್‌ನಲ್ಲಿ 51 ಮಣಿಗಳಿವೆ, ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್‌ನಲ್ಲಿ ಒಂಬತ್ತೇ. ಜೀವಕೋಶದ ಮೇಲ್ಮೈಯಲ್ಲಿ ತನಗೆಂದೇ ಇರುವ ಗ್ರಾಹಕದಲ್ಲಿ ಈ ಸರ ಹೋಗಿ ಕೂತಾಗ ಕೋಶದೊಳಗೆ ಕೆಲಸ ಶುರುವಾಗುತ್ತದೆ. ಪಠ್ಯಪುಸ್ತಕಗಳು ಇದನ್ನು ಬೀಗ ಮತ್ತು ಕೀಲಿಕೈ ಎಂದು ವಿವರಿಸುತ್ತವೆ, ಆ ಹೋಲಿಕೆ ಅರ್ಧ ದಾರಿಗಷ್ಟೇ ಸಾಕು. ಎಡೆಬಿಡದೆ ಪ್ರಚೋದಿಸುತ್ತ ಹೋದರೆ ಕೋಶವು ತನ್ನ ಗ್ರಾಹಕಗಳನ್ನು ಮೇಲ್ಮೈಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ, ಹೊರಗೆ ಉಳಿದವೂ ಮಂಕಾಗುತ್ತವೆ. ಬೆಂಗಳೂರಿನಿಂದ ಬಂದ ನೆಂಟರಿಗೆ ನಮ್ಮ ಜೀರುಂಡೆಗಳ ಸದ್ದಿಗೆ ಮೊದಲ ರಾತ್ರಿ ನಿದ್ದೆ ಹತ್ತುವುದಿಲ್ಲ, ಮನೆಯವರಿಗೆ ಅದು ಕೇಳಿಸುವುದೇ ಇಲ್ಲ. ಗ್ರಾಹಕದ ಪಾಡೂ ಹೆಚ್ಚುಕಡಿಮೆ ಹೀಗೆಯೇ.

ಮೆದುಳಿನ ತಳದ ಹೈಪೊಥಲಾಮಸ್ ಎಂಬ ಭಾಗವು 10 ಅಮೈನೋ ಆಮ್ಲಗಳ ಜಿಎನ್‌ಆರ್‌ಎಚ್ ಎಂಬ ಪೆಪ್ಟೈಡನ್ನು ಗಂಟೆ ಒಂದೂವರೆ ಗಂಟೆಗೊಮ್ಮೆ ಚಿಮ್ಮಿಸುತ್ತದೆ. ಪ್ರತಿ ಚಿಮ್ಮಿಗೂ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಎಚ್ಚೆತ್ತು, ಲೈಂಗಿಕ ಹಾರ್ಮೋನು ತಯಾರಿಸುವಂತೆ ವೃಷಣಕ್ಕೋ ಅಂಡಾಶಯಕ್ಕೋ ಆಜ್ಞೆ ಕಳಿಸುತ್ತದೆ. ಈ ಪೆಪ್ಟೈಡಿನ ರಚನೆಯನ್ನು 1971ರಲ್ಲಿ ಬಿಡಿಸಿಟ್ಟ ಆಂಡ್ರ್ಯೂ ಶಾಲಿ ಅವರೂ, ಅದೇ ಹುಡುಕಾಟದಲ್ಲಿ ಅವರ ಪ್ರತಿಸ್ಪರ್ಧಿಯಾಗಿದ್ದ ರೋಜೆ ಗಿಯೆಮಾಂ ಅವರೂ 1977ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ರಕ್ತದಲ್ಲಿ ಇದು ಕೆಲವೇ ನಿಮಿಷ ಬಾಳುತ್ತದಾದ್ದರಿಂದ, ಆರನೆಯ ಮಣಿಯನ್ನು ಬದಲಿಸಿ ಹೆಚ್ಚು ಹೊತ್ತು ನಿಲ್ಲುವ, ಗ್ರಾಹಕವನ್ನು ಬಿಗಿಯಾಗಿ ಹಿಡಿಯುವ ನಕಲುಗಳನ್ನು ತಯಾರಿಸಿದರು, ಲ್ಯೂಪ್ರೊಲೈಡ್ ಅಂಥದ್ದೊಂದು. ಬಲವಾದ ಪೆಪ್ಟೈಡ್ ಕೊಟ್ಟರೆ ಹಾರ್ಮೋನು ಹೆಚ್ಚಬೇಕಲ್ಲವೇ? ಕೆಲವು ದಿನ ಹೆಚ್ಚಿತು, ಆಮೇಲೆ ನೆಲಕಚ್ಚಿತು. 1978ರಲ್ಲಿ ಅರ್ನ್‌ಸ್ಟ್ ನೋಬಿಲ್ ಅವರ ತಂಡ ಕೋತಿಗಳಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿತು: ಗಂಟೆಗೊಮ್ಮೆ ಹನಿಸಿದರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಅದೇ ಪೆಪ್ಟೈಡನ್ನು ಸತತವಾಗಿ ಹರಿಸಿದರೆ ಸುಮ್ಮನಾಗುತ್ತದೆ. ಸಂತಾನಹೀನತೆಗೆ ಪಂಪಿನ ಮೂಲಕ 90 ನಿಮಿಷಕ್ಕೊಮ್ಮೆ ಇದನ್ನು ಕೊಡುವ ಚಿಕಿತ್ಸೆಯೂ ಇದೆ, ಸತತವಾಗಿ ಕೊಟ್ಟು ಹಾರ್ಮೋನು ನಿಲ್ಲಿಸುವ ಚಿಕಿತ್ಸೆಯೂ ಇದೆ. ನನಗೆ ಇದು ಇಂದಿಗೂ ಸೋಜಿಗವೇ.

ಹೊಸನಗರದ ಹಿರಿಯರ ಮಗ ಒಂದು ದಿನ ಲ್ಯಾಬಿನ ವರದಿ ಹಿಡಿದು ಸಿಟ್ಟಿನಿಂದ ಬಂದರು. ಪ್ರಾಸ್ಟೇಟ್ ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಸಲೆಂದು ಚುಚ್ಚುಮದ್ದು ಕೊಡಿಸಿದರೆ, ಐದೇ ದಿನಕ್ಕೆ ಅದು ಮೊದಲಿಗಿಂತ ಮೇಲೇರಿತ್ತು. ಅದು ನಿರೀಕ್ಷಿತವೇ ಆಗಿತ್ತು: ಗ್ರಾಹಕ ಸೋಲುವ ಮೊದಲು ಒಮ್ಮೆ ಜೋರಾಗಿ ಎಚ್ಚರಗೊಳ್ಳುತ್ತದೆ, ಎರಡರಿಂದ ನಾಲ್ಕು ವಾರಗಳಲ್ಲಿ ಮಟ್ಟ ತಳಕ್ಕಿಳಿಯುತ್ತದೆ. ನನಗೆ ಆತಂಕವಾದದ್ದು ಬೇರೆ ಕಾರಣಕ್ಕೆ. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದವರಲ್ಲಿ ಈ ಏರಿಕೆಯ ದಿನಗಳಲ್ಲಿ ಗಡ್ಡೆ ಉಬ್ಬಿ ಬೆನ್ನುಹುರಿಯನ್ನು ಒತ್ತುವ ಅಪಾಯವಿರುವುದರಿಂದ ಬೈಕಾಲುಟಮೈಡ್ ಎಂಬ ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ. ಅದು ಟೆಸ್ಟೋಸ್ಟೆರಾನನ್ನು ಇಳಿಸದಿದ್ದರೂ ಕ್ಯಾನ್ಸರ್ ಕೋಶದ ಗ್ರಾಹಕವನ್ನು ಮುಟ್ಟಲು ಬಿಡುವುದಿಲ್ಲ. ಮಗ ಚೀಲದಿಂದ ತೆಗೆದ ಮಾತ್ರೆಯ ಪಟ್ಟಿಯಲ್ಲಿ ಒಂದೂ ಖಾಲಿಯಾಗಿರಲಿಲ್ಲ. ಇಷ್ಟು ದುಬಾರಿ ಇಂಜೆಕ್ಷನ್ ಆದ ಮೇಲೆ ಮಾತ್ರೆ ಯಾಕೆ ಎಂದು ಎತ್ತಿಟ್ಟಿದ್ದರಂತೆ. ಅದರ ಉದ್ದೇಶವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾನೂ ಹಿಂದಿನ ಭೇಟಿಯಲ್ಲಿ ಸಕ್ಕರೆ ನೋಡಿ ಕಳಿಸಿಬಿಟ್ಟಿದ್ದೆ. ಪುಣ್ಯಕ್ಕೆ ಕಾಲುಗಳ ಬಲ ಕುಂದಿರಲಿಲ್ಲ, ಮಾತ್ರೆ ಅಂದೇ ಶುರುವಾಯಿತು.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಕ್ಕಳಲ್ಲಿ 8 ವರ್ಷಕ್ಕೆ ಮೊದಲೇ ಸ್ತನ ಬೆಳೆಯತೊಡಗಿದರೆ ಅದನ್ನು ಅಕಾಲ ಪ್ರೌಢತೆ ಎನ್ನುತ್ತೇವೆ. ಅವಳ ಎಡ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಗಳ ವಯಸ್ಸು ಹತ್ತರ ಹತ್ತಿರವಿತ್ತು. ತರಗತಿಯಲ್ಲಿ ಈಗ ಎಲ್ಲರಿಗಿಂತ ಎತ್ತರ, ಆದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮೂಳೆಯ ಬೆಳವಣಿಗೆಯ ತುದಿಗಳನ್ನು ಬೇಗ ಮುಚ್ಚಿಬಿಡುವುದರಿಂದ ಮುಂದೆ ಕುಳ್ಳಾಗಿಯೇ ಉಳಿಯುತ್ತಾಳೆ. ಸತತ ಪ್ರಚೋದನೆಯಿಂದ ಪಿಟ್ಯುಟರಿಯನ್ನು ಮಂಕಾಗಿಸಿದರೆ ಈ ಓಟ ನಿಲ್ಲುತ್ತದೆ. ಶಾಶ್ವತವಾಗಿ ಬಂಜೆಯಾಗಿಬಿಡುತ್ತಾಳೆಯೇ ಎಂದು ತಾಯಿ ಧ್ವನಿ ತಗ್ಗಿಸಿ ಕೇಳಿದರು. ಇಲ್ಲ. ಔಷಧ ನಿಲ್ಲಿಸಿದರೆ ಗ್ರಾಹಕಗಳು ಮೇಲ್ಮೈಗೆ ಮರಳುತ್ತವೆ, ಒಳಗಿನ ಲಯ ಮತ್ತೆ ಕೇಳಿಸತೊಡಗುತ್ತದೆ, ಋತುಚಕ್ರ ತನ್ನ ವಯಸ್ಸಿಗೆ ಬರುತ್ತದೆ.

ಮಾತ್ರೆಯಾಗಿ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳ: ಜಠರಕ್ಕೆ ಪೆಪ್ಟೈಡೂ ಒಂದೇ, ತೊಗರಿಬೇಳೆಯೂ ಒಂದೇ, ಎರಡನ್ನೂ ಅರೆದು ಹಾಕುತ್ತದೆ. ತೂಕ ಇಳಿಸುವ ಔಷಧವೆಂದು ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಮಾತ್ರೆಯಾಗಿಯೂ ಬಂದಿದೆಯಾದರೂ, ನುಂಗಿದ್ದರಲ್ಲಿ ರಕ್ತ ಸೇರುವುದು ಶೇಕಡಾ 1ರಷ್ಟೂ ಇಲ್ಲ. ಲ್ಯೂಪ್ರೊಲೈಡನ್ನು ನಿಧಾನವಾಗಿ ಕರಗುವ ಸೂಕ್ಷ್ಮ ಗೋಲಿಗಳಲ್ಲಿ ತುಂಬಿರುತ್ತಾರೆ. ಪುಡಿಗೆ ದ್ರವ ಬೆರೆಸಿ ಅಲುಗಿಸಿದಾಗ ಹಾಲಿನಂತೆ ಬೆಳ್ಳಗಾಗುತ್ತದೆ, ತಡಮಾಡಿದರೆ ತಳಕ್ಕಿಳಿಯುತ್ತದೆ, ಆದ್ದರಿಂದ ಬೆರೆಸಿದ ಕೂಡಲೇ ಚುಚ್ಚಬೇಕು. ಒಮ್ಮೆ ಕೊಟ್ಟದ್ದು ಒಂದು ಅಥವಾ ಮೂರು ತಿಂಗಳು ಬರುತ್ತದೆ. ಮಳೆಗಾಲದಲ್ಲಿ ರಸ್ತೆ ಕಡಿದು ತಾರೀಖು ತಪ್ಪಿದರೆ ಪಿಟ್ಯುಟರಿ ಮತ್ತೆ ಎಚ್ಚೆತ್ತುಕೊಳ್ಳಬಹುದು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನ ಮೊದಲೇ ಬನ್ನಿ ಎಂದು ಹೇಳುತ್ತೇನೆ.

ಎಲ್ಲ ಪೆಪ್ಟೈಡುಗಳಿಗೂ ಈ ಅನುಕೂಲವಿಲ್ಲ. ಬೆನ್ನುಮೂಳೆ ಕುಸಿದ ಸಾಗರದ ಅಜ್ಜಿಯೊಬ್ಬರಿಗೆ ಟೆರಿಪ್ಯಾರಟೈಡ್ ಕೊಡುತ್ತಿದ್ದೇನೆ. ಅದು 84 ಅಮೈನೋ ಆಮ್ಲಗಳ ಪ್ಯಾರಾಥೈರಾಯ್ಡ್ ಹಾರ್ಮೋನಿನ ಮೊದಲ 34ರ ತುಣುಕು. ದಿನಾ ಚುಚ್ಚಿಕೊಳ್ಳುವ ಬದಲು ತಿಂಗಳಿಗೊಂದು ಕೊಡಲಾಗದೇ ಎಂದು ಅವರ ಸೊಸೆ ಕೇಳಿದರು. ಆಗದು. ದಿನಕ್ಕೊಮ್ಮೆ ಏರಿ ಕೆಲವೇ ಗಂಟೆಗಳಲ್ಲಿ ಇಳಿದರೆ ಅದು ಮೂಳೆ ಕಟ್ಟುತ್ತದೆ. ಪ್ಯಾರಾಥೈರಾಯ್ಡ್ ಗಡ್ಡೆಯಿರುವವರಲ್ಲಿ ಆಗುವಂತೆ ಹಗಲೂ ರಾತ್ರಿ ಏರಿಯೇ ಇದ್ದರೆ ಅದೇ ಹಾರ್ಮೋನು ಮೂಳೆಯನ್ನು ಕರಗಿಸುತ್ತದೆ. ಅಜ್ಜಿ ಈಗ ಸಂಜೆ ದೀಪ ಹಚ್ಚಿದ ಮೇಲೆ 20 ಮೈಕ್ರೋಗ್ರಾಂ ತಾವೇ ಚುಚ್ಚಿಕೊಳ್ಳುತ್ತಾರೆ, ಒಂದು ದಿನ ಮರೆತರೆ ಮಾರನೆಯ ದಿನ ಎರಡು ಚುಚ್ಚಿಕೊಳ್ಳುವುದಿಲ್ಲ.