ಅಮೀನರಿಲ್ಲದ ನ್ಯಾಯಾಲಯಗಳು

ದೇಶದೊಳಗಿನ ಸಿವಿಲ್ ನ್ಯಾಯಾಲಯದ ಡಿಕ್ರಿಯನ್ನು ಜಾರಿ ಮಾಡಲು ಅಮೀನರಿರುತ್ತಾರೆ, ಅವರ ಬೆನ್ನಿಗೆ ಪೊಲೀಸರಿರುತ್ತಾರೆ. ಅಂತರರಾಷ್ಟ್ರೀಯ ನ್ಯಾಯಾಲಯಗಳಿಗೆ ಈ ಎರಡು ಬಲಗಳೂ ಇಲ್ಲ. ಹಾಗಿದ್ದೂ ಕೆಲವು ನ್ಯಾಯಾಲಯಗಳ ಮಾತನ್ನು ಸರ್ಕಾರಗಳು ಪಾಲಿಸುತ್ತವೆ, ಕೆಲವು ನ್ಯಾಯಾಲಯಗಳ ತೀರ್ಪುಗಳು ಕಡತದಲ್ಲೇ ಉಳಿಯುತ್ತವೆ. ಇದಕ್ಕೆ ಕಾರಣವನ್ನು ಸ್ಥಾಪನಾ ಒಪ್ಪಂದದ ಕಲಮುಗಳಲ್ಲಿ ಹುಡುಕುವುದಕ್ಕಿಂತ, ತೀರ್ಪನ್ನು ಆಯಾ ದೇಶದೊಳಗೆ ಕೈಗೆತ್ತಿಕೊಳ್ಳುವವರು ಯಾರಿದ್ದಾರೆ ಎಂದು ನೋಡುವುದು ಲೇಸು.

ನೆದರ್‌ಲೆಂಡ್ಸ್‌ನ ವಾನ್ ಗೆಂಡ್ ಎನ್ ಲೋಸ್ ಸಂಸ್ಥೆಯು ಪಶ್ಚಿಮ ಜರ್ಮನಿಯಿಂದ ತರಿಸಿದ, ಅಂಟು ತಯಾರಿಕೆಯ ರಾಸಾಯನಿಕವೊಂದಕ್ಕೆ ಶೇ 3ರ ಬದಲು ಶೇ 8ರಷ್ಟು ಸುಂಕ ಬಿತ್ತು. ಸುಂಕದ ತಕರಾರುಗಳನ್ನು ವಿಚಾರಿಸುವ ಡಚ್ ನ್ಯಾಯಮಂಡಳಿಯೇ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯಕ್ಕೆ ಪ್ರಶ್ನೆ ಕಳಿಸಿತು. ಮೂರು ಸರ್ಕಾರಗಳು ಬೇಡವೆಂದು ವಾದಿಸಿದರೂ, ಸದಸ್ಯ ದೇಶಗಳು ತಮ್ಮ ನಡುವಿನ ಸುಂಕ ಏರಿಸಬಾರದೆಂಬ ಯುರೋಪಿಯನ್ ಆರ್ಥಿಕ ಸಮುದಾಯದ ಒಪ್ಪಂದದ ನಿಯಮವನ್ನು ಖಾಸಗಿಯವರೂ ತಮ್ಮ ದೇಶದ ನ್ಯಾಯಾಲಯದಲ್ಲೇ ಮುಂದಿಡಬಹುದು ಎಂದು ಅದು 1963ರಲ್ಲಿ ಹೇಳಿತು. ಆ ಉತ್ತರ ಮರಳಿದ್ದು ಡಚ್ ನ್ಯಾಯಾಧೀಶರ ಕೈಗೆ. ಹೊರಗಿನ ನ್ಯಾಯಾಲಯವನ್ನು ಕಡೆಗಣಿಸಿದಷ್ಟು ಸುಲಭವಾಗಿ ತನ್ನದೇ ನ್ಯಾಯಾಧೀಶರ ಆದೇಶವನ್ನು ಸರ್ಕಾರ ಮೀರಲಾರದು. ಲಕ್ಸೆಂಬರ್ಗ್‌ನ ಬಲವೆಲ್ಲ ಇಲ್ಲಿದೆ ಎಂಬುದು ನನ್ನ ಅನಿಸಿಕೆ.

1986ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಿಕರಾಗುವಾ ವಿರುದ್ಧ ಸೋತ ಅಮೆರಿಕ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೊ ಚಲಾಯಿಸಿ ಪಾರಾದದ್ದನ್ನು ನೆನೆದು, ಬಲಾಢ್ಯರು ಮಾತ್ರ ನುಣುಚಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಜಿಂಬಾಬ್ವೆ ಬಲಾಢ್ಯವೇನಲ್ಲ. ಬಿಳಿಯ ರೈತರ ಜಮೀನನ್ನು ಅದು ವಶಪಡಿಸಿಕೊಂಡಿದ್ದು ತಪ್ಪೆಂದು ದಕ್ಷಿಣ ಆಫ್ರಿಕಾ ಭಾಗದ ದೇಶಗಳ ಒಕ್ಕೂಟವಾದ ಎಸ್‌ಎಡಿಸಿಯ ನ್ಯಾಯಮಂಡಳಿ 2008ರಲ್ಲಿ ತೀರ್ಪಿತ್ತಿತು. ವಸಾಹತು ಕಾಲದ ಭೂಹಂಚಿಕೆಯ ಗಾಯ ಇನ್ನೂ ಹಸಿಯಾಗಿದ್ದ ಆ ನೆಲದಲ್ಲಿ ಈ ತೀರ್ಪು ನ್ಯಾಯವೆಂದು ಎಲ್ಲರಿಗೂ ಕಾಣುವಂತಿರಲಿಲ್ಲ. ಜಿಂಬಾಬ್ವೆಯ ರಾಜಧಾನಿ ಹರಾರೆಯ ಹೈಕೋರ್ಟ್ ಅದನ್ನು ಜಾರಿಗಾಗಿ ದಾಖಲಿಸಿಕೊಳ್ಳಲು 2010ರಲ್ಲಿ ನಿರಾಕರಿಸಿತು. ಅದೇ ವರ್ಷ ಸದಸ್ಯ ರಾಷ್ಟ್ರಗಳ ನಾಯಕರು ನ್ಯಾಯಮಂಡಳಿಯನ್ನೇ ಅಮಾನತಿನಲ್ಲಿಟ್ಟರು. ಇನ್ನು ಮುಂದೆ ಅದು ದೇಶ ದೇಶಗಳ ನಡುವಿನ ವ್ಯಾಜ್ಯಗಳನ್ನಷ್ಟೇ ನೋಡಬೇಕೆಂದು 2012ರಲ್ಲಿ ತೀರ್ಮಾನಿಸಿದರು.

ಆದರೆ ರೈತರು ಅಷ್ಟಕ್ಕೇ ಬಿಡಲಿಲ್ಲ. ನ್ಯಾಯಮಂಡಳಿ ಕೊಡಿಸಿದ್ದ ವ್ಯಾಜ್ಯದ ಖರ್ಚಿನ ವಸೂಲಿಗೆ ನೆರೆಯ ದಕ್ಷಿಣ ಆಫ್ರಿಕಾದ ನ್ಯಾಯಾಲಯದ ಮೊರೆ ಹೋದರು. ಕೇಪ್ ಟೌನ್‌ನಲ್ಲಿ ಜಿಂಬಾಬ್ವೆ ಸರ್ಕಾರಕ್ಕೆ ಸೇರಿದ್ದ ಮನೆಯೊಂದು ಜಪ್ತಿಯಾಯಿತು. ಆ ವಸೂಲಿ ಸರಿಯೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿದಾಗ, ಮೂಲ ತೀರ್ಪು ಕೊಟ್ಟ ನ್ಯಾಯಮಂಡಳಿ ಅಮಾನತಾಗಿ ಹೆಚ್ಚುಕಡಿಮೆ ಮೂರು ವರ್ಷವಾಗಿತ್ತು.