ಬಾಟಲಿಯಿಂದ ಇಟ್ಟಿಗೆ ಯಾಕಾಗಲಿಲ್ಲ? ಲೆಗೊ ಹಿಡಿತದ ಹಿಂದುಮುಂದು

2021ರ ಜೂನ್‌ನಲ್ಲಿ ಡೆನ್ಮಾರ್ಕಿನ ಆಟಿಕೆ ಕಂಪನಿ ಲೆಗೊ, ಒಂದಕ್ಕೊಂದು ಕೂರುವ ತನ್ನ ಆಟದ ಇಟ್ಟಿಗೆಯ ಹೊಸ ಮಾದರಿಯೊಂದನ್ನು ಜಗತ್ತಿಗೆ ತೋರಿಸಿತು. ಬಳಸಿ ಬಿಸಾಡಿದ, ಪೆಟ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಯನ್ನು ಕರಗಿಸಿ ಮಾಡಿದ್ದು. ಒಂದು ಲೀಟರಿನ ಬಾಟಲಿಗೆ ಸುಮಾರು ಹತ್ತು ಇಟ್ಟಿಗೆ ಎಂಬ ಲೆಕ್ಕ. 2023ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಆ ದಾರಿ ಬಿಟ್ಟಿತೆಂಬ ಸುದ್ದಿ ಬಂತು. ಅಷ್ಟರಲ್ಲಾಗಲೇ ಕಬ್ಬಿನಿಂದ ಮಾಡಿದ ಪುಟಾಣಿ ಆಟಿಕೆ ಗಿಡಗಳು ಬಂದಿದ್ದವು, ಬದಲಿ ವಸ್ತುವಿಗೆ 2030 ಎಂದಿದ್ದ ಗಡುವು 2032 ಆಗಿತ್ತು, ಅಡುಗೆ ಎಣ್ಣೆಯಿಂದ ಪ್ಲಾಸ್ಟಿಕ್ ಎಂಬ ಮಾತೂ ಸೇರಿಕೊಂಡಿತ್ತು. ಈಗ ಯಾರನ್ನು ಕೇಳಿದರೂ ಒಂದೊಂದು ತುಂಡು ಮಾತ್ರ ಗೊತ್ತು, ಪೂರ್ತಿ ಕಥೆ ಗೊತ್ತಿಲ್ಲ. ಈ ಗೋಜಲು ಬಿಡಿಸಬೇಕಾದರೆ ಮೊದಲು ಇಟ್ಟಿಗೆಯನ್ನು ಮಗುಚಿ ಅದರ ಹೊಟ್ಟೆ ನೋಡಬೇಕು.

ಹೊಟ್ಟೆಯೊಳಗಿನ ಲೆಕ್ಕ

ಇಟ್ಟಿಗೆಯ ತಲೆಯ ಮೇಲಿನ ಗುಂಡು ಗುಬುಟಿಗೆ ಅಭಿಮಾನಿಗಳು ಸ್ಟಡ್ ಎನ್ನುತ್ತಾರೆ. ಅದರ ವ್ಯಾಸ 4.8 ಮಿ.ಮೀ. ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ ಸ್ಟಡ್ಡಿನ ನಡುವಿಗೆ 8 ಮಿ.ಮೀ. ನಾಲ್ಕು ಸ್ಟಡ್‌ಗಳು ಚೌಕವಾಗಿ ನಿಂತಾಗ ಮೂಲೆಯಿಂದ ಮೂಲೆಗೆ 11.31 ಮಿ.ಮೀ. ದೂರ, ಅದರಲ್ಲಿ 4.8 ಕಳೆದರೆ ಉಳಿಯುವುದು 6.51. ಇಟ್ಟಿಗೆಯ ಅಡಿಯಲ್ಲಿ ಕಾಣುವ ಕೊಳವೆಯ ಹೊರವ್ಯಾಸ ಇಷ್ಟೇ. ಎರಡು ಸಾಲಿನಲ್ಲಿ ಎಂಟು ಸ್ಟಡ್ ಇರುವ ಮಾಮೂಲಿ ಇಟ್ಟಿಗೆಗೆ ಇಂಥ ಮೂರು ಕೊಳವೆ. ಒಂದೇ ಸಾಲಿನ ಇಟ್ಟಿಗೆಯಲ್ಲಿ ಕೊಳವೆಗೆ ಜಾಗವಿಲ್ಲ, ಹಾಗಾಗಿ ಅಲ್ಲಿ 3.2 ಮಿ.ಮೀ. ದಪ್ಪದ ಸಣ್ಣ ಕಡ್ಡಿ.

ಒತ್ತಿದಾಗ ಪ್ರತಿ ಸ್ಟಡ್ ಒಂದು ಕಡೆ ಗೋಡೆಗೆ, ಇನ್ನೊಂದು ಕಡೆ ಕೊಳವೆಗೆ ತಾಗುತ್ತದೆ. ಜಾಗ ಕೂದಲೆಳೆಯಷ್ಟು ಬಿಗಿ. ಗೋಡೆ ಕಣ್ಣಿಗೆ ಕಾಣದಷ್ಟು ಹೊರಗೆ ಬಾಗುತ್ತದೆ, ಮತ್ತೆ ಒಳಗೆ ಬರಲು ಹವಣಿಸುತ್ತದೆ. ಆ ಹವಣಿಕೆಯೇ ಹಿಡಿತ. ಅಭಿಮಾನಿಗಳ ಬಾಯಲ್ಲಿ ಕ್ಲಚ್ ಪವರ್. ಹಿಡಿತ ಹೆಚ್ಚಾದರೆ ಮಗುವಿನ ಬೆರಳಿಗೆ ಬಿಡಿಸಲಾಗದು, ಕಡಿಮೆಯಾದರೆ ಕಟ್ಟಿದ್ದು ಎತ್ತಿದೊಡನೆ ಉದುರುತ್ತದೆ. ಮುಂದೆ ಬರುವ ಜಗಳವೆಲ್ಲ ಸುತ್ತುವುದು ಇದರ ಸುತ್ತಲೇ: ಬಾಗಿದ ಗೋಡೆ ವರ್ಷಗಟ್ಟಲೆ ಬಾಗಿದ್ದರೂ ಸೋಲದೆ ಮರಳಿ ಬರಬೇಕು. ಅಂಥ ಪ್ಲಾಸ್ಟಿಕ್ ಕೆಲವೇ ಇವೆ.

ಮೂವತ್ತು ವರ್ಷ, ಒಂದು ಉಸಿರಿನಲ್ಲಿ

1932ರಲ್ಲಿ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಮರದ ಆಟಿಕೆ ಮಾಡತೊಡಗಿದ. 1934ರಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ಡೇನಿಷ್ ಮಾತನ್ನು ಮುರಿದು ಲೆಗೊ ಎಂದು ಹೆಸರಿಟ್ಟ. 1940ರ ದಶಕದ ಕೊನೆಗೆ ಪ್ಲಾಸ್ಟಿಕ್ ಅಚ್ಚುಯಂತ್ರ ತರಿಸಿದ. 1949ರಲ್ಲಿ ಒಂದಕ್ಕೊಂದು ಕೂರುವ ಇಟ್ಟಿಗೆ ಮಾರುಕಟ್ಟೆಗೆ ಬಂತು. ಆ ಇಟ್ಟಿಗೆ ಆಕಾಶದಿಂದ ಇಳಿದದ್ದಲ್ಲ. ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಅಷ್ಟರಲ್ಲಾಗಲೇ ಕಿಡ್ಡಿಕ್ರಾಫ್ಟ್ ಹೆಸರಿನಲ್ಲಿ ಇಂಥದ್ದೇ ಇಟ್ಟಿಗೆ ಮಾಡಿದ್ದ. ಆಗ ಕೊಳವೆ ಇರಲಿಲ್ಲ, ಒಳಗೆಲ್ಲ ಟೊಳ್ಳು. ಸ್ಟಡ್ ತಾಗುತ್ತಿದ್ದುದು ಗೋಡೆಗೆ ಮಾತ್ರ, ಹಾಗಾಗಿ ಗೋಪುರ ನಿಲ್ಲುತ್ತಿತ್ತೇ ಹೊರತು ಗಟ್ಟಿಯಾಗುತ್ತಿರಲಿಲ್ಲ. ಮಗ ಗಾಟ್‌ಫ್ರೆಡ್ 1958ರ ಜನವರಿ 28ರಂದು ಮಧ್ಯಾಹ್ನ 1 ಗಂಟೆ 58 ನಿಮಿಷಕ್ಕೆ ಕೊಳವೆಯ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಇವತ್ತಿನ ಇಟ್ಟಿಗೆಯ ಜಾತಕ ಶುರುವಾಗುವುದು ಅಲ್ಲಿಂದ.

ವಿನ್ಯಾಸ ಸರಿಹೋಯಿತು, ವಸ್ತು ಕೈಕೊಟ್ಟಿತು. ಆಗ ಬಳಸುತ್ತಿದ್ದುದು ಸೆಲ್ಯುಲೋಸ್ ಅಸಿಟೇಟ್. ಮೂಲದಲ್ಲಿ ಗಿಡದ ನಾರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮೊದಲ ಲೆಗೊ ಅರ್ಧ ಹಸಿರು! ಆದರೆ ಅದು ಗಾಳಿಯ ತೇವ ಹೀರುತ್ತದೆ, ಸೊಟ್ಟಗಾಗುತ್ತದೆ, ಬಣ್ಣ ಮಾಸುತ್ತದೆ. ಆ ಕಾಲದ ಕೆಂಪು ಇಟ್ಟಿಗೆಯನ್ನು ಮೇಜಿನ ಮೇಲಿಟ್ಟರೆ ಕುಂಟುಕಾಲಿನ ಸ್ಟೂಲಿನಂತೆ ಅಲ್ಲಾಡುವುದುಂಟು. 1963ರಲ್ಲಿ ಅದರ ಜಾಗಕ್ಕೆ ಎಬಿಎಸ್ ಬಂತು.

ಎಬಿಎಸ್ ಎಂದರೆ ಮೂರು ಗುಣಗಳ ಬೆರಕೆ: ಅಕ್ರಿಲೋನೈಟ್ರೈಲ್ ಬಿಗಿ ಕೊಡುತ್ತದೆ, ಬ್ಯುಟಡೈಯೀನ್ ರಬ್ಬರಿನಂತೆ ಪೆಟ್ಟು ತಡೆಯುತ್ತದೆ, ಸ್ಟೈರೀನ್ ಹೊಳಪು ತರುತ್ತದೆ, ಅಚ್ಚಿನೊಳಗೆ ಸಲೀಸಾಗಿ ಹರಿಯುವಂತೆಯೂ ಮಾಡುತ್ತದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ನಾಲ್ಕು ಸ್ಟಡ್ಡಿನ ಇಟ್ಟಿಗೆಯನ್ನು ಯಂತ್ರದಲ್ಲಿ ಹಿಸುಕಿ ನೋಡಿದಾಗ ಅದು ತಾಳಿದ್ದು ಸರಾಸರಿ 4,240 ನ್ಯೂಟನ್, ಅಂದರೆ ಸುಮಾರು 432 ಕೆ.ಜಿ. ಭಾರ. ಆಮೇಲೂ ಚೂರಾಗಲಿಲ್ಲ, ಮೆಲ್ಲಗೆ ಚಪ್ಪಟೆಯಾಗುತ್ತ ಹೋಯಿತು.

ಹರಳಿನಿಂದ ಇಟ್ಟಿಗೆಗೆ

ಅಚ್ಚಿನ ಕೆಲಸ ಹೊರಗಿನಿಂದ ನೋಡಿದರೆ ಸರಳ. ಸಣ್ಣ ಹರಳುಗಳಾಗಿ ಬಂದ ಎಬಿಎಸ್ಸನ್ನು ಮೊದಲು ಒಣಗಿಸಬೇಕು, ಸುಮಾರು 80 ಡಿಗ್ರಿ ಶಾಖದಲ್ಲಿ ಎರಡರಿಂದ ನಾಲ್ಕು ಗಂಟೆ. ಇಲ್ಲಿ ಆತುರಪಟ್ಟರೆ ಹರಳಿನೊಳಗಿನ ತೇವ ಕರಗುವಾಗ ಆವಿಯಾಗಿ, ಇಟ್ಟಿಗೆಯ ಮೈಮೇಲೆ ಬೆಳ್ಳಿಗೀರುಗಳು ಮೂಡುತ್ತವೆ. ಆಮೇಲೆ 230 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿ, ತಿರುಪಿನ ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುತ್ತಾರೆ. ತಣ್ಣಗಾಗಿ ಹೊರಬೀಳಲು ಹತ್ತು ಸೆಕೆಂಡಿನಷ್ಟು ಸಾಕು.

ಕಷ್ಟವಿರುವುದು ಆ ಹತ್ತು ಸೆಕೆಂಡಿನಲ್ಲೇ. ಎಬಿಎಸ್ ತಣಿಯುವಾಗ ಶೇ 0.4ರಿಂದ 0.7ರಷ್ಟು ಕುಗ್ಗುತ್ತದೆ. 31.8 ಮಿ.ಮೀ. ಉದ್ದದ ಇಟ್ಟಿಗೆಗೆ ಇದು 0.13ರಿಂದ 0.22 ಮಿ.ಮೀ. ಆದರೆ ಅಚ್ಚಿನ ನಿಖರತೆ 0.005 ಮಿ.ಮೀ. ಎಂದು ಕಂಪನಿ ಹೇಳಿಕೊಳ್ಳುತ್ತದೆ, ತಲೆಗೂದಲಿನ ಹತ್ತನೇ ಒಂದು ಪಾಲು. ಅಂದರೆ ಕುಗ್ಗುವಿಕೆ ಈ ಮಿತಿಗಿಂತ ಹತ್ತಾರು ಪಟ್ಟು ದೊಡ್ಡದು. ಅಚ್ಚನ್ನು ಅಷ್ಟು ದೊಡ್ಡದಾಗಿ ಕೊರೆದರೆ ಮುಗಿಯಲಿಲ್ಲ, ಪ್ರತಿ ಬಾರಿಯೂ ಅಷ್ಟೇ ಕುಗ್ಗುವಂತೆ ಶಾಖ, ಒತ್ತಡ, ಸಮಯ ಮೂರನ್ನೂ ಕಾಯಬೇಕು. ಒತ್ತಡವನ್ನು ಬೇಗ ಬಿಟ್ಟರೆ ಸ್ಟಡ್ಡಿನ ತಲೆ ಗುಳಿಬೀಳುತ್ತದೆ. ಅಚ್ಚಿನ ಎರಡು ಹೋಳು ಸರಿಯಾಗಿ ಕೂಡದಿದ್ದರೆ ಅಂಚಿನಲ್ಲಿ ಹಾಳೆಯಂಥ ರೆಕ್ಕೆ. ಅರ್ಧ ತಣಿದಾಗಲೇ ಹೊರದೂಡಿದರೆ ಸೊಟ್ಟ ಗೋಡೆ. ಸ್ಟಡ್ಡಿನ ಅಡಿಭಾಗದಲ್ಲಿ ಸಣ್ಣ ಕುಳಿ ಬಿಟ್ಟಿರುವುದೂ ಅಲ್ಲಿ ಪ್ಲಾಸ್ಟಿಕ್ ದಪ್ಪವಾಗಿ ಕುಗ್ಗಬಾರದೆಂದು. ಹತ್ತು ಲಕ್ಷ ತುಂಡುಗಳಲ್ಲಿ ಗುಣಮಟ್ಟಕ್ಕೆ ನಿಲ್ಲದವು ಹದಿನೆಂಟು ಎಂಬುದು ಕಂಪನಿಯ ಲೆಕ್ಕ.

ಎಲ್ಲ ತುಂಡೂ ಎಬಿಎಸ್ ಅಲ್ಲ ಎಂಬುದನ್ನು ಈ ಚರ್ಚೆಯಲ್ಲಿ ಹೆಚ್ಚಿನವರು ಮರೆಯುತ್ತಾರೆ. ತಿರುಗುವ ಹಲ್ಲುಚಕ್ರ ಮತ್ತು ಚಕ್ರ ಸಿಕ್ಕಿಸುವ ಆಕ್ಸಲ್ ಕಡ್ಡಿಗಳಿಗೆ ಜಾರುವ ಗುಣದ ಬೇರೆ ಪ್ಲಾಸ್ಟಿಕ್, ಪಾರದರ್ಶಕ ತುಂಡುಗಳಿಗೆ ಬಹುಕಾಲ ಬಳಸಿದ್ದು ಪಾಲಿಕಾರ್ಬೊನೇಟ್, ಟೈರಿಗೆ ರಬ್ಬರಿನಂಥದ್ದು. ಎರಡು ಪಾಲಿಕಾರ್ಬೊನೇಟ್ ತುಂಡುಗಳನ್ನು ಒಂದರ ಮೇಲೊಂದು ಒತ್ತಿಟ್ಟರೆ ಬಿಡಿಸುವಾಗ ಉಗುರು ಹೋದೀತು.

ಅಭಿಮಾನಿಗಳ ಅಳತೆಗೋಲು

ಈ ಲೆಕ್ಕವನ್ನು ಕಾರ್ಖಾನೆಯಷ್ಟೇ ಚೆನ್ನಾಗಿ ಬಲ್ಲವರು ದೊಡ್ಡವರಾದರೂ ಆಟ ಬಿಡದವರು. ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳು ಪ್ಲೇಟಿನದು 3.2, ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ. ಐದು ಪ್ಲೇಟ್ ಪೇರಿಸಿದರೆ 16 ಮಿ.ಮೀ., ಎರಡು ಸ್ಟಡ್ಡಿನ ಅಗಲವೂ 16. ಈ ಒಂದು ಸಮೀಕರಣದಿಂದ ಸ್ಟಡ್‌ಗಳು ಪಕ್ಕಕ್ಕೆ ಮುಖ ಮಾಡುವಂತೆ ಕಟ್ಟುವ ಸ್ನಾಟ್ ವಿಧಾನ ಹುಟ್ಟಿತು. ನುಣುಪು ಗೋಡೆ, ಅಕ್ಷರಗಳು, ಕಾರಿನ ಮೂತಿ ಎಲ್ಲ ಅದರ ಕೃಪೆ. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸಿಮನ್ ಬರೆದ ಎಲ್‌ಡ್ರಾ ತಂತ್ರಾಂಶ ಇದೇ ಅನುಪಾತವನ್ನು ಪೂರ್ಣಾಂಕಕ್ಕೆ ಇಳಿಸಿತು: ಸ್ಟಡ್ಡಿನ ಅಂತರ 20, ಇಟ್ಟಿಗೆ 24, ಪ್ಲೇಟ್ 8. ಇಂದಿಗೂ ಕಂಪ್ಯೂಟರಿನಲ್ಲಿ ಕಟ್ಟುವವರು ಈ ಅಂಕಿಗಳಲ್ಲೇ ಯೋಚಿಸುತ್ತಾರೆ. ಎಂಟು ಸ್ಟಡ್ಡಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು ಎಂದು ಡೆನ್ಮಾರ್ಕಿನ ಗಣಿತಜ್ಞರು ಎಣಿಸಿ ತೋರಿಸಿದ್ದೂ ಇದೇ ಹುಚ್ಚಿನ ಭಾಗ.

ಕೂರುವುದೆಲ್ಲ ಸರಿಯಾದ ಜೋಡಣೆಯಲ್ಲ. ಎರಡು ಸ್ಟಡ್‌ಗಳ ನಡುವಿನ ಸಂದು ಕಾಗದದ ಮೇಲೆ 3.2 ಮಿ.ಮೀ., ಪ್ಲೇಟಿನ ದಪ್ಪವೂ ಅಷ್ಟೇ. ಅಲ್ಲಿ ಪ್ಲೇಟನ್ನು ನಿಲ್ಲಿಸಿ ತುರುಕಿದರೆ ಕೂರುತ್ತದೆ, ಆದರೆ ನಿಜವಾದ ಸಂದು ಒಂದು ಎಳೆ ಕಿರಿದು. ಕೆಲವು ತಿಂಗಳು ಬಿಟ್ಟು ತೆಗೆದರೆ ಪ್ಲೇಟಿನಲ್ಲಿ ಗುಳಿ, ಸ್ಟಡ್ಡಿನ ಬುಡದಲ್ಲಿ ಬಿಳಿ ಗೆರೆ. ಅಭಿಮಾನಿಗಳು ಇದನ್ನು ‘ಅಕ್ರಮ’ ಜೋಡಣೆ ಎನ್ನುತ್ತಾರೆ, ಕಂಪನಿಯ ವಿನ್ಯಾಸಕಾರರಿಗೂ ಇದು ನಿಷಿದ್ಧ.

ಎಬಿಎಸ್ಸಿನ ಸೋಲುಗಳನ್ನು ಊರಿಗೆಲ್ಲ ಸಾರಿದವರೂ ಇವರೇ. 2004ರಲ್ಲಿ ಬಂದ ಕೆಂಗಂದು ಬಣ್ಣದ ತುಂಡುಗಳು ಮುಂದಿನ ಹಲವು ವರ್ಷ ಬಿಸ್ಕತ್ತಿನಂತೆ ಮುರಿದವು. ಅಚ್ಚು ಅದೇ, ಅಳತೆ ಅದೇ, ಆದರೂ ಆ ಬಣ್ಣದ ತುಂಡುಗಳು ಸೋತವು. ತೆಳು ಕೊಕ್ಕೆಗಳೂ ಎರಡು ಸ್ಟಡ್ಡಿನ ಪ್ಲೇಟುಗಳೂ ಮೊದಲು ಹೋಗುತ್ತಿದ್ದವು. ಆ ಕಾಲದ ಕಂದು ತುಂಡನ್ನು ತಿರುಚಬಾರದು, ಬಿಡಿಸುವ ಸನಿಕೆಯಿಂದ ನೇರ ಮೇಲಕ್ಕೆ ಎತ್ತಬೇಕು. ಭಾರ ಎಳೆಯುವ ಜಾಗಕ್ಕೆ ಅದನ್ನು ಹಾಕಲೇಬಾರದು.

ಇನ್ನೊಂದು ಕಾಯಿಲೆ ಹಳದಿ ಬಡಿಯುವುದು. ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಎಬಿಎಸ್ಸಿನ ಬ್ಯುಟಡೈಯೀನ್ ಭಾಗ ಆಮ್ಲಜನಕದೊಡನೆ ಬೆರೆತು ಬಣ್ಣ ಕೆಡುತ್ತದೆ. ಬಿಳಿ, ಬೂದು, ನೀಲಿಯಲ್ಲಿ ಎದ್ದು ಕಾಣುತ್ತದೆ. ಮದ್ದು ಶೇ 3ರ ಹೈಡ್ರೋಜನ್ ಪೆರಾಕ್ಸೈಡ್. ಗಾಜಿನ ಪಾತ್ರೆಯಲ್ಲಿ ತುಂಡುಗಳು ಪೂರ್ತಿ ಮುಳುಗುವಂತೆ ಹಾಕಿ, ಬಿಸಿಲಿಗಿಟ್ಟು, ಗಂಟೆಗೊಮ್ಮೆ ಕಲಕುತ್ತ ನಾಲ್ಕರಿಂದ ಆರು ಗಂಟೆ ಬಿಡಬೇಕು. ಗುಳ್ಳೆ ಕಟ್ಟಿ ತೇಲುವ ತುಂಡುಗಳನ್ನು ಒತ್ತಿ ಮುಳುಗಿಸದಿದ್ದರೆ ನೀರಗೆರೆಯ ಮಟ್ಟದಲ್ಲಿ ಪಟ್ಟೆ ಉಳಿಯುತ್ತದೆ. ಅತಿಯಾದರೆ ಬೂದು, ನೀಲಿ ತುಂಡುಗಳ ಮೇಲೆ ಬಿಳಿಮಚ್ಚೆ. ಸ್ಟಿಕ್ಕರ್, ಲೋಹ ಇರುವುದನ್ನು ಹಾಕಬಾರದು. ಇದು ಬಣ್ಣ ಮರಳಿಸುತ್ತದೆ, ಕೆಟ್ಟ ರಬ್ಬರನ್ನಲ್ಲ. ಕೆಲ ವರ್ಷದಲ್ಲಿ ಹಳದಿ ಮತ್ತೆ ಬರಬಹುದು. ಬರೀ ಧೂಳಾದರೆ 40 ಡಿಗ್ರಿ ಮೀರದ ನೀರು, ಸೌಮ್ಯ ಸೋಪು ಸಾಕು.

ಹಕ್ಕಿನ ಜಗಳ ಬೇಗ ಹೇಳಿ ಮುಗಿಸಬಹುದು. ಪೇಟೆಂಟ್ ಅವಧಿ ತೀರಿದ ಮೇಲೆ ಇಟ್ಟಿಗೆಯ ಆಕಾರವನ್ನೇ ವ್ಯಾಪಾರಮುದ್ರೆಯಾಗಿ ಉಳಿಸಿಕೊಳ್ಳುವ ಪ್ರಯತ್ನ 2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿನಲ್ಲೂ 2010ರಲ್ಲಿ ಯುರೋಪಿನ ನ್ಯಾಯಾಲಯದಲ್ಲೂ ಬಿದ್ದುಹೋಯಿತು: ಕೆಲಸ ಮಾಡುವ ಆಕಾರಕ್ಕೆ ಮುದ್ರೆಯ ರಕ್ಷಣೆ ಇಲ್ಲ. ಈಗ 8 ಮಿ.ಮೀ. ಅಂತರದ ಇಟ್ಟಿಗೆ ಯಾರು ಬೇಕಾದರೂ ಮಾಡಬಹುದು, ಹಲವರು ಮಾಡುತ್ತಿದ್ದಾರೆ, ಕೆಲವರದು ಚೆನ್ನಾಗಿಯೂ ಇದೆ. ವ್ಯತ್ಯಾಸ ಉಳಿದಿರುವುದು ಅಚ್ಚು ಮತ್ತು ಹರಳಿನಲ್ಲಿ.

ಹಸಿರು ಗಡುವು

2015ರಲ್ಲಿ ಲೆಗೊ 100 ಕೋಟಿ ಡೇನಿಷ್ ಕ್ರೋನರ್ ಹೂಡಿಕೆ ಘೋಷಿಸಿ, 2030ರ ಹೊತ್ತಿಗೆ ಬದಲಿ ವಸ್ತು ಹುಡುಕುವ ಮಾತು ಕೊಟ್ಟಿತು. ಒಳ್ಳೆಯ ಮಾತೇ. ಆದರೆ ವಸ್ತು ಕೈಗೆ ಸಿಗುವ ಮೊದಲೇ ತಾರೀಖು ಸಿಕ್ಕಿತ್ತು.

ಮೊದಲ ಗೆಲುವು 2018ರಲ್ಲಿ: ಕಬ್ಬಿನ ಎಥನಾಲಿನಿಂದ ಮಾಡಿದ ಪಾಲಿಥೀನ್‌ನ ಎಲೆ, ಪೊದೆ, ಮರ. ಗಿಡಗಳಿಗೆ ಮೊದಲೂ ಪಾಲಿಥೀನನ್ನೇ ಬಳಸುತ್ತಿದ್ದರು, ಬದಲಾದದ್ದು ಅದರ ಮೂಲವಷ್ಟೇ. ಎಲೆ ಬಳುಕಿದರೆ ಅಂದ; ಗೋಡೆ ಬಳುಕಿದರೆ? ಪಾಲಿಥೀನ್ ಸತತ ಒತ್ತಡಕ್ಕೆ ಮೆಲ್ಲಗೆ ಸೋತು ಹೊಸ ಆಕಾರಕ್ಕೆ ಒಗ್ಗಿಬಿಡುತ್ತದೆ, ಹಿಡಿತ ಅಲ್ಲಿಗೆ ಮುಗಿಯಿತು.

ಪೆಟ್ ಇನ್ನೂ ಕಿರಿಕಿರಿಯದು. ಕರಗುವಾಗ ತೇವ ಸಿಕ್ಕರೆ ಅದರ ಉದ್ದುದ್ದ ಅಣುಸರಪಳಿಗಳೇ ತುಂಡಾಗುತ್ತವೆ. ಹಾಗಾಗಿ ಒಣಗಿಸುವುದು 80 ಡಿಗ್ರಿಯಲ್ಲಲ್ಲ, 160ರ ಆಸುಪಾಸಿನಲ್ಲಿ, ಗಂಟೆಗಟ್ಟಲೆ. ತಣಿಯುವಾಗ ಒಮ್ಮೆ ಸ್ಫಟಿಕಗಟ್ಟುತ್ತದೆ, ಒಮ್ಮೆ ಇಲ್ಲ. ಎರಡಕ್ಕೂ ಕುಗ್ಗುವ ಪ್ರಮಾಣ ಬೇರೆ. 0.005ರ ಆಟದಲ್ಲಿ ಇದು ಹೇಗೆ ನಡೆದೀತು? ಎಬಿಎಸ್ಸಿನಷ್ಟು ಗಟ್ಟಿಯಾಗಲು ಬೇರೆ ಪದಾರ್ಥ ಬೆರೆಸಬೇಕಾಯಿತು, ಯಂತ್ರ ಬದಲಿಸಬೇಕಿತ್ತು, ವಿದ್ಯುತ್ ಹೆಚ್ಚು ಬೇಕಿತ್ತು. ಎಲ್ಲ ಕೂಡಿಸಿದಾಗ ಇಂಗಾಲದ ಲೆಕ್ಕವೇ ತಲೆಕೆಳಗಾಯಿತು ಎಂಬುದು 2023ರ ನಿರ್ಧಾರಕ್ಕೆ ಕಂಪನಿ ಕೊಟ್ಟ ಕಾರಣ. ನೆಪ ಎಂದು ನಕ್ಕವರಿದ್ದಾರೆ. ಅಚ್ಚಿನ ಪಕ್ಕ ನಿಂತು ನೋಡಿದವರಿಗೆ ಅದು ನೆಪದಂತೆ ಕಾಣುವುದಿಲ್ಲ. ಎರಡು ವರ್ಷ ಮೊದಲು ಮಾದರಿ ಹಿಡಿದು ಅಷ್ಟು ಸಂಭ್ರಮಿಸಬೇಕಿತ್ತೇ ಎಂಬುದು ಬೇರೆ ಪ್ರಶ್ನೆ.

ಹಾಗೆಂದು ಎಬಿಎಸ್ಸಿನ ಬಾಳಿಕೆಯನ್ನು ಬರೀ ಹೊಗಳಲಾಗದು. ಇಂಗ್ಲೆಂಡಿನ ನೈರುತ್ಯ ಕರಾವಳಿಗೆ ತೇಲಿಬಂದ ಹಳೆಯ ಇಟ್ಟಿಗೆಗಳ ಸವೆತ ಅಳೆದು, ಅವು ಸಮುದ್ರದಲ್ಲಿ 100ರಿಂದ 1,300 ವರ್ಷ ಉಳಿಯಬಹುದು ಎಂದು ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಅಂದಾಜಿಸಿದರು. ಅದೇ ಬಾಳಿಕೆ ಮನೆಯೊಳಗಿದ್ದರೆ ಗುಣ: 1960ರ ದಶಕದ ಎಬಿಎಸ್ ಇಟ್ಟಿಗೆಯ ಮೇಲೆ ಈ ವರ್ಷದ್ದು ಕೂರುತ್ತದೆ. 2000ದಲ್ಲಿ ಶುರುವಾದ ಬ್ರಿಕ್‌ಲಿಂಕ್ ಎಂಬ ಬಿಡಿ ತುಂಡುಗಳ ಮಾರುಕಟ್ಟೆ ನಿಂತಿರುವುದೂ ಇದರ ಮೇಲೆ; 2019ರಲ್ಲಿ ಲೆಗೊ ಅದನ್ನು ಕೊಂಡುಕೊಂಡಿತು. ಕೈಯಿಂದ ಕೈಗೆ ಮೂರು ತಲೆಮಾರು ದಾಟುವ ಇಟ್ಟಿಗೆಗಿಂತ ಹಸಿರಾದದ್ದು ಯಾವುದು ಎಂದು ಅಲ್ಲಿನ ಗಿರಾಕಿಗಳು ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ಈಗ ಹಿಡಿದಿರುವ ದಾರಿ ಇಟ್ಟಿಗೆಯನ್ನು ಮುಟ್ಟದೆ ಅದರ ಕಚ್ಚಾವಸ್ತುವನ್ನು ಬದಲಿಸುವುದು. ಹರಳು ತಯಾರಿಸುವ ಕಾರ್ಖಾನೆಗೆ ಕಲ್ಲೆಣ್ಣೆಯ ಜೊತೆ ಬಳಸಿದ ಅಡುಗೆ ಎಣ್ಣೆಯಂಥದ್ದನ್ನೂ ಸುರಿಯುತ್ತಾರೆ, ಎಷ್ಟು ಸುರಿದರೋ ಅಷ್ಟು ಪಾಲನ್ನು ಕಾಗದದಲ್ಲಿ ಖರೀದಿದಾರರ ಹೆಸರಿಗೆ ಬರೆಯುತ್ತಾರೆ. ಲೆಗೊ ಇದಕ್ಕೆ ಹೆಚ್ಚಿನ ಬೆಲೆ ತೆರುತ್ತಿದೆ. ಹೊರಬರುವ ಹರಳು ಅದೇ ಎಬಿಎಸ್, ಕುಗ್ಗುವುದು ಅಷ್ಟೇ, ಹಿಡಿತವೂ ಅದೇ. ಯಾವ ಇಟ್ಟಿಗೆಯಲ್ಲಿ ಎಣ್ಣೆಯ ಪಾಲೆಷ್ಟು ಎಂದು ತುಂಡು ನೋಡಿ ಹೇಳುವಂತಿಲ್ಲ. ಮಗುಚಿ ನೋಡಿದರೆ ಒಳಗೆ ಕಾಣುವುದು, ಮೊದಲಿನಂತೆ, ಅಚ್ಚಿನ ಸಣ್ಣ ಸಂಖ್ಯೆ ಮಾತ್ರ.